ಪಕ್ಕದಲ್ಲಿ ಸುಮ್ಮನೆ ಕೂತ ಮಗು

ಮೇಜಿನ ಮುಂದೆ ಒಂದೇ ಮನೆಯ ಇಬ್ಬರು ಮಕ್ಕಳು ಕೂತಿದ್ದಾರೆ. ಒಬ್ಬ ಹೆಂಗಸು ಅವರಲ್ಲಿ ಒಂದು ಮಗುವಿಗೆ ಆಟಿಕೆ ಮಾಡುವುದನ್ನು ಹೇಳಿಕೊಡುತ್ತಿದ್ದಾಳೆ. ಇನ್ನೊಂದು ಮಗುವಿಗೆ, ನಿನ್ನ ಸರದಿ ಆಮೇಲೆ, ನಿನಗೆ ಬೇರೆ ಆಟಿಕೆ ಎಂದು ಮೊದಲೇ ಹೇಳಿದ್ದಾರೆ. ಅದು ಪಕ್ಕದಲ್ಲೇ ಕಾಯುತ್ತಾ ಕೂತಿದೆ. ಕ್ಯಾಮೆರಾ ಓಡುತ್ತಿದೆ. ಸಂಶೋಧಕರಿಗೆ ಬೇಕಾಗಿರುವುದು ಕಲಿಯುತ್ತಿರುವ ಮಗುವಲ್ಲ, ಕಾಯುತ್ತಿರುವ ಈ ಮಗು.

ಸುಮಾರು ಒಂದು ವಾರದ ನಂತರ ಕಾಯುತ್ತಿದ್ದ ಮಗುವನ್ನು ಮತ್ತೆ ಕರೆಯುತ್ತಾರೆ. ಅವತ್ತು ಪಕ್ಕದವರು ಮಾಡಿದ ಆಟಿಕೆಯ ಸಾಮಾನುಗಳನ್ನೇ ಅದರ ಮುಂದೆ ಇಟ್ಟು, ನೀನು ಮಾಡು ನೋಡೋಣ ಎನ್ನುತ್ತಾರೆ. ಇದನ್ನು ಕೇಳುತ್ತಾರೆ ಅಂತ ಮಗುವಿಗೆ ಯಾರೂ ಹೇಳಿರಲಿಲ್ಲ. ಅದಕ್ಕೆ ಯಾರೂ ಕಲಿಸಿಯೂ ಇರಲಿಲ್ಲ.

ಮರಿಸೆಲಾ ಕೊರೆಯಾ-ಚಾವೆಸ್ ಮತ್ತು ಬಾರ್ಬರಾ ರೊಗಾಫ್ ಎಂಬ ಮನಶ್ಶಾಸ್ತ್ರಜ್ಞರು ಈ ಅಧ್ಯಯನವನ್ನು 2009ರಲ್ಲಿ ಪ್ರಕಟಿಸಿದರು. ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಮೂಲನಿವಾಸಿಗಳಾದ ಮಾಯಾ ಜನರ ಮಕ್ಕಳನ್ನೂ ಅಮೆರಿಕದ ಬಿಳಿಯ ಮಧ್ಯಮ ವರ್ಗದ ಮಕ್ಕಳನ್ನೂ ಹೋಲಿಸಿ ನೋಡಿದ್ದರು. ಅಮೆರಿಕದ ಮಕ್ಕಳಲ್ಲಿ ಜಾಸ್ತಿ ಜನ ತಮ್ಮ ಸರದಿ ಅಲ್ಲದ ಹೊತ್ತನ್ನು ಅತ್ತ ಇತ್ತ ನೋಡುತ್ತಾ, ಕೈಯಲ್ಲಿದ್ದುದರ ಜೊತೆ ಆಡುತ್ತಾ ಕಳೆದರು. ಮಾಯಾ ಮಕ್ಕಳು ಪಕ್ಕದಲ್ಲಿ ನಡೆಯುತ್ತಿದ್ದುದನ್ನು ಬಿಡದೆ ನೋಡಿದರು.  ವಾರ ಕಳೆದ ಮೇಲೆ ಆ ಆಟಿಕೆ ಮಾಡಲು ಅವರಿಗೆ ಕಡಿಮೆ ಸಹಾಯ ಸಾಕಾಯಿತು.

ನಾನು ಪ್ರೈಮರಿ ಶಾಲೆಯಲ್ಲಿ ಪಾಠ ಮಾಡುತ್ತೇನೆ. 'ಗಮನ' ನಮ್ಮ ಕೆಲಸದಲ್ಲಿ ದಿನವಿಡೀ ಬರುವ ಮಾತು. ಇಲ್ಲಿ ನೋಡು, ಅಲ್ಲೇನು ನೋಡ್ತೀಯಾ, ನಿನ್ನ ಪುಸ್ತಕ ನೀನು ನೋಡ್ಕೋ. ನಮ್ಮ ಲೆಕ್ಕದಲ್ಲಿ ಗಮನ ಇರುವ ಮಗುವಿನ ಕಣ್ಣು ಒಂದೇ ಕಡೆ ಇರಬೇಕು, ಅದೂ ನಾವು ತೋರಿಸಿದ ಕಡೆ. ಹಾಗಾಗಿ ಈ ಅಧ್ಯಯನದ ವಿವರ ಓದಿದ ಮೇಲೆ ನಾನು ಇಂಥವನ್ನೇ ಹುಡುಕಿ ಹುಡುಕಿ ಓದತೊಡಗಿದೆ. ಮಾಯಾ ಊರುಗಳಲ್ಲಿ ಮಕ್ಕಳು ಹೇಗೆ ಯೋಚಿಸುತ್ತಾರೆ, ಹೇಗೆ ಕಲಿಯುತ್ತಾರೆ ಎಂದು ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಕೆಲಸ ನಡೆದಿದೆ. ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಕೆಲವನ್ನು ಇಲ್ಲಿ ಹೇಳುತ್ತೇನೆ.

ಗ್ವಾಟೆಮಾಲಾದ ಬೆಟ್ಟಸೀಮೆಯಲ್ಲಿ ಅತಿತ್ಲಾನ್ ಎಂಬ ದೊಡ್ಡ ಸರೋವರ ಇದೆ. ಸುತ್ತ ಜ್ವಾಲಾಮುಖಿಗಳು. ಅವುಗಳಲ್ಲಿ ಒಂದರ ಬುಡದಲ್ಲಿ, ನೀರಿನ ಅಂಚಿಗೆ, ಸಾನ್ ಪೆದ್ರೊ ಲಾ ಲಗುನಾ ಎಂಬ ಊರು. ಜನರ ಮಾತು ತ್ಸುತುಹಿಲ್, ಮಾಯಾ ಭಾಷೆಗಳಲ್ಲಿ ಒಂದು. ರೊಗಾಫ್ 1974ರಲ್ಲಿ ಹಾರ್ವರ್ಡ್‌ನ ಸಂಶೋಧನಾ ವಿದ್ಯಾರ್ಥಿನಿಯಾಗಿ ಈ ಊರಿಗೆ ಬಂದವರು. ಆಮೇಲೆ ದಶಕಗಳ ಕಾಲ ಇಲ್ಲಿಗೆ ಬರುತ್ತಲೇ ಇದ್ದರು.

ಅವರಿಗಿಂತ ಮೊದಲೇ ಮನಶ್ಶಾಸ್ತ್ರಜ್ಞ ಜೆರೋಮ್ ಕೇಗನ್ ಈ ಸರೋವರದ ದಂಡೆಯ ಊರುಗಳಲ್ಲಿ ಕೆಲಸ ಮಾಡಿದ್ದರು. ಸಾನ್ ಮಾರ್ಕೋಸ್ ಎಂಬ ಊರಿನಲ್ಲಿ ಕೂಸುಗಳನ್ನು ಕತ್ತಲೆಯ ಗುಡಿಸಲಿನೊಳಗೇ ಇಟ್ಟುಕೊಳ್ಳುತ್ತಿದ್ದರು, ಅವುಗಳ ಜೊತೆ ಮಾತು, ಆಟ ಕಡಿಮೆ. ಅಮೆರಿಕದ ಪರೀಕ್ಷೆಗಳ ಪ್ರಕಾರ ಆ ಕೂಸುಗಳು ತುಂಬಾ ಹಿಂದೆ ಇದ್ದವು. ಆದರೆ ಅದೇ ಊರಿನ ಹತ್ತು ಹನ್ನೊಂದು ವರ್ಷದ ಮಕ್ಕಳು ಚುರುಕಾಗಿದ್ದರು. ಮೊದಲ ವರ್ಷ ಕೈತಪ್ಪಿದರೆ ಎಲ್ಲವೂ ಕೈತಪ್ಪಿತು ಎಂಬ ನಂಬಿಕೆ ಬಲವಾಗಿದ್ದ ಕಾಲ ಅದು. ಕೇಗನ್ ಮತ್ತು ರಾಬರ್ಟ್ ಕ್ಲೈನ್ 1973ರಲ್ಲಿ ಇದನ್ನು ಬರೆದಾಗ ದೊಡ್ಡ ಚರ್ಚೆಯೇ ನಡೆಯಿತು.

ನೆನಪಿನ ಪರೀಕ್ಷೆಗಳ ಕಥೆ ಇನ್ನೂ ಚೆನ್ನಾಗಿದೆ. ಒಂದಕ್ಕೊಂದು ಸಂಬಂಧ ಇಲ್ಲದ ಪದಗಳ ಪಟ್ಟಿ ಕೊಟ್ಟು, ನೆನಪಿಟ್ಟು ಹೇಳು ಎಂದರೆ, ಶಾಲೆ ಕಡಿಮೆ ಕಂಡ ಊರುಗಳ ಮಕ್ಕಳು ಹಿಂದೆ ಬೀಳುತ್ತಿದ್ದರು. ಈ ಫಲಿತಾಂಶ ಪ್ರಪಂಚದ ಹಲವು ಕಡೆ ಬಂದಿತ್ತು. ರೊಗಾಫ್ ಮತ್ತು ಕ್ಯಾಥರಿನ್ ವಾಡೆಲ್ ಪರೀಕ್ಷೆಯನ್ನೇ ಬದಲಾಯಿಸಿದರು. ಮೇಜಿನ ಮೇಲೆ ಒಂದು ಪುಟ್ಟ ಊರು ಮಾಡಿದರು. ಅದರಲ್ಲಿ ಬೆಟ್ಟ, ಸರೋವರ, ರಸ್ತೆ, ಮನೆ, ಮರ ಎಲ್ಲ ಇದ್ದವು. ಪುಟಾಣಿ ಗೊಂಬೆ, ಪ್ರಾಣಿ, ಪಾತ್ರೆಗಳ 80 ಸಾಮಾನುಗಳಲ್ಲಿ 20ನ್ನು ಆರಿಸಿ ಮಗುವಿನ ಕಣ್ಣೆದುರೇ ಅಲ್ಲಲ್ಲಿ ಇಟ್ಟರು. ಆಮೇಲೆ ಎಲ್ಲ ತೆಗೆದು ರಾಶಿಗೆ ಸೇರಿಸಿದರು. ಕೆಲವು ನಿಮಿಷ ಬಿಟ್ಟು, ಮೊದಲು ಇದ್ದ ಹಾಗೇ ಇಡು ಎಂದರು. ಸಾನ್ ಪೆದ್ರೊದ ಒಂಬತ್ತು ವರ್ಷದ ಮಕ್ಕಳು ಸಾಲ್ಟ್ ಲೇಕ್ ಸಿಟಿಯ ಅದೇ ವಯಸ್ಸಿನ ಮಕ್ಕಳಷ್ಟೇ ಚೆನ್ನಾಗಿ ಇಟ್ಟರು, ಕೊಂಚ ಮೇಲೆಯೇ ಎನ್ನಬಹುದು. ಅಮೆರಿಕದ ಕೆಲವು ಮಕ್ಕಳು ಸಾಮಾನುಗಳ ಹೆಸರನ್ನು ಬಾಯಲ್ಲೇ ಜಪಿಸುತ್ತಿದ್ದರಂತೆ. ಶಾಲೆಯಲ್ಲಿ ಮಗ್ಗಿ ಬಾಯಿಪಾಠ ಮಾಡುವ ಅಭ್ಯಾಸ ಇಲ್ಲೂ ಬಂತು. ಆದರೆ ಜಾಗ ನೆನಪಿಡಲು ಅದರಿಂದ ಏನು ಉಪಯೋಗ? ಸಾನ್ ಪೆದ್ರೊದ ಮಕ್ಕಳು ಕಣ್ಣಿಂದ ನೋಡಿದರು, ಕೈಯಿಂದ ಇಟ್ಟರು.

ಅಂದರೆ ಮೊದಲ ಪರೀಕ್ಷೆ ಅಳೆದದ್ದು ನೆನಪನ್ನಲ್ಲ. ಅರ್ಥವಿಲ್ಲದ್ದನ್ನೂ ಹೇಳಿದವರ ಮಾತಿಗೆ ಕಟ್ಟುಬಿದ್ದು ನೆನಪಿಡುವ ರೂಢಿ ಮಗುವಿಗೆ ಇದೆಯೇ ಎಂಬುದನ್ನು. ಆ ರೂಢಿ ಬರುವುದು ಶಾಲೆಯಿಂದ.

ಇನ್ನೊಂದು ವಿಷಯವನ್ನು ರೊಗಾಫ್ ಗಮನಿಸಿದ್ದರು. ಮಗುವಿಗೆ ಕಥೆ ಹೇಳಿ, ಈಗ ನೀನು ಹೇಳು ಎಂದು ಕೇಳುವ ಪರೀಕ್ಷೆ ಇರುತ್ತದಲ್ಲ, ಸಾನ್ ಪೆದ್ರೊದಲ್ಲಿ ಅದಕ್ಕೆ ಮಕ್ಕಳು ಕಕ್ಕಾಬಿಕ್ಕಿಯಾಗುತ್ತಿದ್ದರು. ಎದುರಿಗಿರುವ ದೊಡ್ಡವರಿಗೆ ಕಥೆ ಗೊತ್ತು. ಗೊತ್ತಿರುವ ಹಿರಿಯರಿಗೆ ಚಿಕ್ಕವರು ತಿರುಗಿ ಕಥೆ ಹೇಳುವುದು ಅಲ್ಲಿ ಮರ್ಯಾದೆಯಲ್ಲ. ಇದನ್ನು ಓದಿ ನಾನು ತುಂಬಾ ಹೊತ್ತು ಯೋಚಿಸಿದೆ. ಉತ್ತರ ಗೊತ್ತಿದ್ದೂ ಪ್ರಶ್ನೆ ಕೇಳುವುದು ಟೀಚರುಗಳು ಬಿಟ್ಟರೆ ಬೇರೆ ಯಾರು ಮಾಡುತ್ತಾರೆ? ಶಾಲೆಗೆ ಬಂದ ಹೊಸದರಲ್ಲಿ ಎಷ್ಟೋ ಮಕ್ಕಳು ಬಾಯಿ ಬಿಡದೆ ನಿಲ್ಲುತ್ತಾರೆ. ಅವರಲ್ಲಿ ಕೆಲವರಿಗಾದರೂ ಉತ್ತರ ಗೊತ್ತಿರುತ್ತದೆ, ಪ್ರಶ್ನೆ ಯಾಕೆ ಎನ್ನುವುದು ಗೊತ್ತಿರುವುದಿಲ್ಲ.

ಇನ್ನೂ ಚಿಕ್ಕ ಮಕ್ಕಳ ಬಗ್ಗೆ 1993ರಲ್ಲಿ ಬಂದ ಒಂದು ಅಧ್ಯಯನ ಇದೆ. ಸಾನ್ ಪೆದ್ರೊ, ಸಾಲ್ಟ್ ಲೇಕ್ ಸಿಟಿ, ಟರ್ಕಿಯ ಕೆಚಿಯೊರೆನ್, ನಮ್ಮ ದೇಶದ ಧೋಲ್-ಕಿ-ಪಟ್ಟಿ ಎಂಬ ಆದಿವಾಸಿ ಹಳ್ಳಿ, ಈ ನಾಲ್ಕೂ ಕಡೆ ಒಂದರಿಂದ ಎರಡು ವರ್ಷದ ಮಕ್ಕಳಿಗೆ ಹೊಸ ವಸ್ತುಗಳನ್ನು ಕೊಟ್ಟು ತಾಯಿ ಮಗು ಏನು ಮಾಡುತ್ತಾರೆ ಎಂದು ನೋಡಿದರು. ಅಮೆರಿಕದ ಮಗು ಒಂದನ್ನು ಬಿಟ್ಟು ಇನ್ನೊಂದಕ್ಕೆ ಗಮನ ಕೊಡುತ್ತಿತ್ತು. ತಾಯಿಯೂ ಹಾಗೇ. ಸಾನ್ ಪೆದ್ರೊದಲ್ಲಿ ಒಂದು ಪುಟ್ಟ ಮಗು ತಾಯಿಯ ಜೊತೆ ಡಬ್ಬಿಯ ಮುಚ್ಚಳ ಹಾಕುತ್ತಿತ್ತು, ಅದೇ ಹೊತ್ತಿಗೆ ಅಕ್ಕ ಬಾಯಿಗೆ ಇಟ್ಟ ಪೀಪಿ ಊದುತ್ತಿತ್ತು, ಬೀದಿಯಲ್ಲಿ ಹೋಗುತ್ತಿದ್ದ ಲಾರಿಯನ್ನೂ ನೋಡುತ್ತಿತ್ತು. ಮೂರರಲ್ಲಿ ಯಾವುದೂ ತಪ್ಪಲಿಲ್ಲ. ಧೋಲ್-ಕಿ-ಪಟ್ಟಿಯ ತಾಯಿ ಮಕ್ಕಳಲ್ಲೂ ಹೀಗೆ ಹಲವು ಕಡೆ ಒಟ್ಟಿಗೆ ಗಮನ ಇಡುವುದು ಕಂಡಿತು. ಅಲ್ಲಿನ ತಾಯಂದಿರು ಸಹ ಮಾತಿಗಿಂತ ಕೈಯಿಂದ, ಕಣ್ಣಿಂದ, ಮೈಯಿಂದ ತೋರಿಸುತ್ತಿದ್ದರು. ಮಗುವಿನ ಹತ್ತಿರ ಇದ್ದು, ಬೇಕಾದಾಗ ಒದಗುತ್ತಿದ್ದರು. ಆಟವನ್ನು ತಾವೇ ನಡೆಸಲು ಹೋಗುತ್ತಿರಲಿಲ್ಲ.

ಹಾಗಾದರೆ ಮಾತು ಹೇಗೆ ಬರುತ್ತದೆ ಅಂತ ಕೇಳಬಹುದು. ಮೆಕ್ಸಿಕೊದ ಚಿಯಾಪಾಸ್ ರಾಜ್ಯದ ತೆನೆಹಾಪಾದಲ್ಲಿ ತ್ಸೆಲ್ತಾಲ್ ಮಾತಾಡುವ ಮಾಯಾ ಜನರಿದ್ದಾರೆ. ಅಲ್ಲಿ ಮರೀಸಾ ಕಸಿಯಾಸ್, ಪೆನೆಲೊಪಿ ಬ್ರೌನ್, ಸ್ಟೀಫನ್ ಲೆವಿನ್ಸನ್ ಮೂರು ವರ್ಷದೊಳಗಿನ 10 ಮಕ್ಕಳ ದಿನವನ್ನು ರೆಕಾರ್ಡ್ ಮಾಡಿ 2020ರಲ್ಲಿ ಬರೆದರು. ಮಗುವನ್ನೇ ಉದ್ದೇಶಿಸಿ ಆಡಿದ ಮಾತು ಗಂಟೆಗೆ ಸರಾಸರಿ 3.6 ನಿಮಿಷ ಮಾತ್ರ. ಆದರೂ ಮೊದಲ ಪದ, ಪದ ಜೋಡಿಸಿ ಆಡುವುದು ಎಲ್ಲವೂ ಬೇರೆ ಕಡೆಯ ಮಕ್ಕಳ ವಯಸ್ಸಿಗೇ ಬಂದಿತ್ತು. ಮಗು ಬೆಳೆಯುವುದು ತಾಯಿಯ ಬೆನ್ನ ಮೇಲೆ, ಹತ್ತು ಜನರ ಮಾತಿನ ನಡುವೆ. ಕೂಸಿನ ಜೊತೆ ದಿನಕ್ಕೆ ಇಷ್ಟು ಪದ ಆಡಲೇಬೇಕು ಎಂದು ಎಲ್ಲ ದೇಶದ ತಾಯಂದಿರಿಗೂ ಒಂದೇ ಸಲಹೆ ಕೊಡುವವರು ಈ ಅಂಕಿಯನ್ನು ನೋಡಬೇಕು. ಬಡ ತಾಯಂದಿರ ಮೇಲೆ ಆ ಸಲಹೆ ಹಾಕುವ ಹೊರೆ ನನಗೆ ನಿಜವಾಗಿ ಬೇಸರ ತರುತ್ತದೆ.

ಮೆಕ್ಸಿಕೊದ ಯುಕತಾನ್ ಪ್ರಾಂತ್ಯದ ಮಾಯಾ ಸೂಲಗಿತ್ತಿಯರ ಬಗ್ಗೆ ಮಾನವಶಾಸ್ತ್ರಜ್ಞೆ ಬ್ರಿಗಿಟ್ಟೆ ಜೋರ್ಡನ್ ಬರೆದದ್ದೂ ಇದೇ ದಾರಿಯದು. ಅಲ್ಲಿ ಸೂಲಗಿತ್ತಿಯಾಗುವ ಹುಡುಗಿ ಸಾಮಾನ್ಯವಾಗಿ ಸೂಲಗಿತ್ತಿಯ ಮನೆಯಲ್ಲೇ ಬೆಳೆದವಳು. ಅಮ್ಮನನ್ನೋ ಅಜ್ಜಿಯನ್ನೋ ಕರೆಯಲು ಹೊತ್ತಲ್ಲದ ಹೊತ್ತಿನಲ್ಲಿ ಜನ ಬರುವುದನ್ನು ಕಂಡಿರುತ್ತಾಳೆ. ಹೇಳಿ ಕಳಿಸಿದ ಸುದ್ದಿ ಮುಟ್ಟಿಸುತ್ತಾಳೆ, ಬೇಕಾದ್ದು ತಂದುಕೊಡುತ್ತಾಳೆ, ಬಸುರಿಯರ ಹೊಟ್ಟೆ ನೀವುವುದನ್ನು ನೋಡುತ್ತಾಳೆ. ತನಗೆ ಮಕ್ಕಳಾದ ಮೇಲೆ ಹೆರಿಗೆಗೆ ಜೊತೆಯಲ್ಲಿ ಹೋಗುತ್ತಾಳೆ. ಒಂದು ದಿನ ಅವಳೇ ಹೆರಿಗೆ ಮಾಡಿಸುತ್ತಾಳೆ. ಕಲಿಸಿದವರು ಯಾರು ಎಂದು ಕೇಳಿದರೆ ಅವಳ ಹತ್ತಿರ ಹೆಸರಿಲ್ಲ.

ಸರ್ಕಾರಿ ಆರೋಗ್ಯ ಕಾರ್ಯಕ್ರಮಗಳು ಇಂಥವರನ್ನು ತರಬೇತಿಗೆ ಕರೆದವು. ಕುರ್ಚಿಯಲ್ಲಿ ಕೂರಿಸಿ ಉಪನ್ಯಾಸ ಕೊಟ್ಟರು, ವ್ಯಾಖ್ಯೆಗಳನ್ನು ಹೇಳಿದರು. ಸೂಲಗಿತ್ತಿಯರು ಮುಖದಲ್ಲಿ ಏನೂ ತೋರಿಸದೆ ಹೊತ್ತು ಕಳೆದರು. ಕೊನೆಗೆ ಕೇಳಿದ ಪ್ರಶ್ನೆಗೆ ಡಾಕ್ಟರುಗಳಿಗೆ ಬೇಕಾದ ಉತ್ತರವನ್ನೂ ಕೊಟ್ಟರು. ಊರಿಗೆ ಹೋಗಿ ಮೊದಲಿನ ಹಾಗೇ ಕೆಲಸ ಮಾಡಿದರು. ಅವರು ಕಲಿತದ್ದು ಡಾಕ್ಟರುಗಳ ಜೊತೆ ಹೇಗೆ ಮಾತಾಡಬೇಕು ಎಂಬುದನ್ನು ಮಾತ್ರ ಎಂದು ಜೋರ್ಡನ್ ತೋರಿಸಿದರು. ಟೀಚರುಗಳ ತರಬೇತಿಗಳಿಗೆ ಹೋಗಿ ಬಂದವರಿಗೆಲ್ಲ ಇದು ಎಷ್ಟು ನಿಜ ಅಂತ ಗೊತ್ತು.

ಇಷ್ಟು ಓದಿದವರಿಗೆ ಮಾಯಾ ಜನರ ಮನಸ್ಸೇ ಬೇರೆ, ಅವರದು ಯಾವತ್ತಿಗೂ ಹೀಗೇ ಎಂಬ ಭಾವನೆ ಬರಬಹುದು. ಅದನ್ನು ಮುರಿಯುವ ಕೆಲಸವೇ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಅದು ಮನಶ್ಶಾಸ್ತ್ರಜ್ಞೆ ಪೆಟ್ರೀಶಿಯಾ ಗ್ರೀನ್‌ಫೀಲ್ಡ್ ಅವರದು.

ಚಿಯಾಪಾಸ್‌ನ ಬೆಟ್ಟಗಳಲ್ಲಿ ಸಿನಾಕಾಂತಾನ್ ಎಂಬ ಸೀಮೆ, ಅದರಲ್ಲಿ ನಾಬೆಂಚೌಕ್ ಎಂಬ ಊರು. ಮಾತು ತ್ಸೊತ್ಸಿಲ್. ಗಂಡಸರು ಜೋಳ ಬೆಳೆಯುತ್ತಿದ್ದರು, ಹೆಂಗಸರು ನೇಯುತ್ತಿದ್ದರು. ಅಲ್ಲಿನ ಮಗ್ಗಕ್ಕೆ ಚೌಕಟ್ಟಿಲ್ಲ. ಒಂದು ತುದಿಯನ್ನು ಕಂಬಕ್ಕೋ ಮರಕ್ಕೋ ಕಟ್ಟಿ, ಇನ್ನೊಂದು ತುದಿಯ ಪಟ್ಟಿಯನ್ನು ಸೊಂಟದ ಹಿಂದಿನಿಂದ ಹಾಕಿಕೊಂಡು, ನೆಲದ ಮೇಲೆ ಮೊಣಕಾಲೂರಿ ನೇಯುತ್ತಾರೆ. ಹಿಂದಕ್ಕೆ ವಾಲಿದರೆ ಹಾಸು, ಅಂದರೆ ಉದ್ದಕ್ಕೆ ಇರುವ ನೂಲು, ಬಿಗಿಯಾಗುತ್ತದೆ, ಮುಂದಕ್ಕೆ ಬಾಗಿದರೆ ಸಡಿಲ. ಮಗ್ಗದ ಒಂದು ಭಾಗ ಹೆಂಗಸಿನ ಮೈಯೇ.

ಗ್ರೀನ್‌ಫೀಲ್ಡ್ ಮತ್ತು ಕಾರ್ಲಾ ಚೈಲ್ಡ್ಸ್ 1969 ಮತ್ತು 1970ರಲ್ಲಿ ಇಲ್ಲಿ ಹುಡುಗಿಯರು ನೇಯ್ಗೆ ಕಲಿಯುವುದನ್ನು ಚಿತ್ರೀಕರಿಸಿದರು. ತಾಯಿ ಪಕ್ಕದಲ್ಲೇ ಇರುತ್ತಿದ್ದಳು. ಹೊಸದಾಗಿ ಕಲಿಯುವ ಹುಡುಗಿ ಕಷ್ಟದ ಜಾಗಕ್ಕೆ ಬಂದ ಕೂಡಲೇ, ಅವಳು ಕೇಳುವ ಮೊದಲೇ, ತಾಯಿಯ ಕೈ ಬಂದು ಕೆಲಸ ಮುಂದುವರಿಸುತ್ತಿತ್ತು. ಕೆಲವೊಮ್ಮೆ ನಾಲ್ಕು ಕೈ ಒಂದೇ ಮಗ್ಗದ ಮೇಲೆ. ಎಳೆ ಹರಿಯಲು, ಬಟ್ಟೆ ಕೆಡಲು ಬಿಡುತ್ತಿರಲಿಲ್ಲ. ಕಲಿತದ್ದು ಕೆಲವೇ ವಿನ್ಯಾಸ, ಮುಖ್ಯವಾಗಿ ಕೆಂಪು ಬಿಳಿ ಪಟ್ಟೆಗಳು. ಇಡೀ ಊರು ಅದನ್ನೇ ಉಡುತ್ತಿತ್ತು.

ಅವರ ಇನ್ನೊಂದು ಪರೀಕ್ಷೆ ತುಂಬಾ ಸರಳ. ಮರದ ಚೌಕಟ್ಟು, ಬಣ್ಣ ಬಣ್ಣದ ತೆಳು ಮತ್ತು ಅಗಲ ಕಡ್ಡಿಗಳು. ಮಕ್ಕಳು ಕಡ್ಡಿ ಸೇರಿಸಿ ಊರಿನ ಬಟ್ಟೆಯ ಪಟ್ಟೆಯನ್ನು ತೋರಿಸಬೇಕು, ಹೊಸ ವಿನ್ಯಾಸಗಳನ್ನು ಮುಂದುವರಿಸಬೇಕು. ನೇಯುವ ಹುಡುಗಿಯರು ತೆಳು ಕಡ್ಡಿಗಳನ್ನು ಒಂದೊಂದಾಗಿ ಇಟ್ಟು ಎಳೆ ಎಳೆಯಾಗಿ ಪಟ್ಟೆ ಕಟ್ಟಿದರು. ನಿಜವಾದ ಬಟ್ಟೆಯಲ್ಲಿ ಎಳೆಗಳು ಇರುವ ಹಾಗೆ. ಶಾಲೆಗೆ ಹೋದ ಹುಡುಗರು ಅಗಲ ಕಡ್ಡಿ ತೆಗೆದುಕೊಂಡು, ಇದು ಕೆಂಪು, ಇದು ಬಿಳಿ ಎಂದು ಮುಗಿಸಿದರು.

ಗ್ರೀನ್‌ಫೀಲ್ಡ್ 1991ರಲ್ಲಿ ವಾಪಸ್ ಬಂದರು. ಮೊದಲು ಚಿತ್ರೀಕರಿಸಿದ ಹುಡುಗಿಯರು ಈಗ ತಾಯಂದಿರು. ಊರು ಬದಲಾಗಿತ್ತು. ಮೆಕ್ಸಿಕೊದಲ್ಲಿ ತೈಲದ ದುಡ್ಡು ಹರಿದ ಕಾಲದಲ್ಲಿ ನಾಬೆಂಚೌಕ್‌ನವರು ವ್ಯಾನು, ಲಾರಿ ಕೊಂಡಿದ್ದರು. ಬೇಸಾಯ ಬಿಟ್ಟು ಸಾಗಣೆಗೆ, ವ್ಯಾಪಾರಕ್ಕೆ ಇಳಿದಿದ್ದರು. ಬಟ್ಟೆಯ ಮೇಲೆ ಈಗ ಹೂವು, ಕಸೂತಿ, ಪ್ರತಿಯೊಬ್ಬಳಿಗೂ ಅವಳದೇ ವಿನ್ಯಾಸ. ಹೆಂಗಸರು ಮಾರಾಟಕ್ಕೆ ನೇಯುತ್ತಿದ್ದ ಮನೆಗಳಲ್ಲಿ ತಾಯಿಗೆ ಮಗಳ ಪಕ್ಕ ಕೂರಲು ಪುರುಸೊತ್ತಿಲ್ಲ. ಹುಡುಗಿಯರು ತಾವೇ ಮಾಡಿ, ಕೆಡಿಸಿ, ಬಿಚ್ಚಿ ಕಲಿಯುತ್ತಿದ್ದರು. ಬೇಕಾದಾಗ ಅಕ್ಕನನ್ನೋ ಗೆಳತಿಯನ್ನೋ ಕರೆಯುತ್ತಿದ್ದರು. ಕಡ್ಡಿಯ ಪರೀಕ್ಷೆಯಲ್ಲೂ ಬದಲಾವಣೆ ಕಂಡಿತು. ಎಳೆ ಎಳೆಯಾಗಿ ಕಟ್ಟುವವರು ಕಡಿಮೆಯಾಗಿದ್ದರು, ಅಗಲ ಕಡ್ಡಿ ಇಡುವವರು ಹೆಚ್ಚಾಗಿದ್ದರು. ಕಂಡಿರದ ವಿನ್ಯಾಸವನ್ನು ಮುಂದುವರಿಸುವುದರಲ್ಲಿ ಹೊಸ ತಲೆಮಾರು ಮುಂದಿತ್ತು.

ಅದೇ ಊರು, ಅದೇ ಮನೆತನಗಳು, ನಡುವೆ ಒಂದು ತಲೆಮಾರು. ಯೋಚನೆಯ ರೀತಿ ರಕ್ತದಲ್ಲಿ ಬಂದದ್ದಾಗಿದ್ದರೆ ಇಪ್ಪತ್ತು ವರ್ಷದಲ್ಲಿ ಹೀಗೆ ಬದಲಾಗುತ್ತಿತ್ತೇ? ಹಾಗಂತ ಹೊಸದನ್ನು ಮೇಲೆ, ಹಳೆಯದನ್ನು ಕೆಳಗೆ ಇಡಲು ನನಗೆ ಮನಸ್ಸಿಲ್ಲ. ಎಳೆ ಎಳೆಯಾಗಿ ಕಂಡವರು ಬಟ್ಟೆಯನ್ನು ಒಳಗಿನಿಂದ ಬಲ್ಲವರು. ಅಗಲ ಕಡ್ಡಿ ಇಟ್ಟವರು ದೂರದಿಂದ ನೋಡಬಲ್ಲವರು. ಮಾರುಕಟ್ಟೆಗೆ ಎರಡನೆಯದು ಬೇಕಿತ್ತು.

ಆಟದ ಮಗ್ಗದ ವಿಷಯ ಹೇಳದೆ ಮುಂದೆ ಹೋಗಲಾರೆ. ಚಿಕ್ಕ ಹುಡುಗಿಯರಿಗೆ ಅಲ್ಲಿ ಪುಟ್ಟ ಮಗ್ಗ ಇರುತ್ತದೆ. ಎರಡು ಕಡ್ಡಿಗಳ ನಡುವೆ ನೇರವಾಗಿ ನೂಲು ಸುತ್ತಿದರೆ ಹಾಸು ಸಿದ್ಧ. ಕಣ್ಣಿಗೆ ಕಂಡದ್ದೇ ಬಟ್ಟೆಯ ಆಕಾರ. ದೊಡ್ಡವರ ಹಾಸು ಹಾಗಲ್ಲ. ಗೂಟಗಳಿರುವ ಚೌಕಟ್ಟಿಗೆ ನೂಲು ಮಡಚಿ ಸುತ್ತಬೇಕು. ಬಿಡಿಸಿ ಮಗ್ಗಕ್ಕೆ ಏರಿಸಿದಾಗ ಅದರ ಉದ್ದವೇ ಬೇರೆ. ಇದನ್ನು ಮೊದಲೇ ಮನಸ್ಸಿನಲ್ಲಿ ತಿರುಗಿಸಿ ನೋಡಬೇಕಾಗುತ್ತದೆ. ತಾಯಂದಿರು ಈ ಚೌಕಟ್ಟನ್ನು ಚಿಕ್ಕ ಹುಡುಗಿಯರಿಗೆ ಕೊಡುವುದಿಲ್ಲ, ಏಳೆಂಟು ವರ್ಷ ದಾಟಬೇಕು. ಮಕ್ಕಳಿಗೆ ಇಂಥ ಯೋಚನೆ ಕೈಗೂಡುವುದು ಹೆಚ್ಚುಕಡಿಮೆ ಆ ವಯಸ್ಸಿಗೇ ಎಂದು ಮಕ್ಕಳ ಯೋಚನೆ ಬೆಳೆಯುವ ಬಗೆಯನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಪಿಯಾಜೆ ಜಿನೀವಾದಲ್ಲಿ ಕೂತು ಹೇಳಿದ್ದರು. ಆಶ್ಲಿ ಮೇನಾರ್ಡ್ ಮತ್ತು ಗ್ರೀನ್‌ಫೀಲ್ಡ್ ಈ ಎರಡನ್ನೂ ಪಕ್ಕ ಪಕ್ಕ ಇಟ್ಟು ತೋರಿಸಿದಾಗ ನನಗೆ ರೋಮಾಂಚನವಾಯಿತು. ಮಗುವಿಗೆ ಯಾವಾಗ ಏನು ಸಾಧ್ಯ ಎನ್ನುವುದನ್ನು ಆ ಹೆಂಗಸರು ಎಷ್ಟೋ ತಲೆಮಾರು ನೋಡಿ ನೋಡಿ ಕಂಡುಕೊಂಡಿದ್ದರು.

ಶಾಲೆಯೂ ಹೀಗೇ ಬದಲಾವಣೆ ತರುತ್ತದೆ. ಮೊದಲು ಹೇಳಿದ ಆಟಿಕೆಯ ಅಧ್ಯಯನದಲ್ಲಿ ಇನ್ನೊಂದು ಗುಂಪು ಇತ್ತು. ಆ ಮಕ್ಕಳೂ ಮಾಯಾ ಮಕ್ಕಳೇ, ಆದರೆ ತಾಯಂದಿರು ಹನ್ನೆರಡು ವರ್ಷ ಶಾಲೆ ಓದಿದವರು. ಪಕ್ಕದ ಪಾಠವನ್ನು ನೋಡುವುದರಲ್ಲಿ ಆ ಮಕ್ಕಳು ಎರಡೂ ಗುಂಪುಗಳ ನಡುವೆ ಬಂದರು. ಪಾಬ್ಲೊ ಚಾವಹಾಯ್ 2002ರಲ್ಲಿ ರೊಗಾಫ್ ಜೊತೆ ಪ್ರಕಟಿಸಿದ ಕೆಲಸವೂ ಇದನ್ನೇ ಹೇಳುತ್ತದೆ. ಚಾವಹಾಯ್ ಸಾನ್ ಪೆದ್ರೊದವರೇ, ಅಲ್ಲಿಂದ ಹೊರಟು ಮನಶ್ಶಾಸ್ತ್ರಜ್ಞರಾದವರು. ಒಬ್ಬ ತಾಯಿ, ಮೂವರು ಮಕ್ಕಳು, ಒಂದು ಜೋಡಿಸುವ ಪಜಲ್. ಶಾಲೆ ಹೆಚ್ಚು ಕಂಡಿರದ ತಾಯಂದಿರ ಗುಂಪಿನಲ್ಲಿ ಎಲ್ಲರೂ ಒಂದೇ ಜಾಗದ ಮೇಲೆ ಸೇರಿ ಕೆಲಸ ಮಾಡಿದರು. ಹೆಚ್ಚು ಓದಿದ ತಾಯಂದಿರು, ನೀನು ಇದು ಮಾಡು, ನೀನು ಅದು ಮಾಡು ಎಂದು ಕೆಲಸ ಹಂಚಿದರು. ಅದು ಕ್ಲಾಸಿನ ರೀತಿ. ನಾನು ದಿನವೂ ಮಾಡುವುದು.

ಶಾಲೆ ಬೇಡ ಎಂದು ಇದರಿಂದ ತೀರ್ಮಾನಿಸುವವರ ಜೊತೆ ನಾನಿಲ್ಲ. ಗ್ವಾಟೆಮಾಲಾದಲ್ಲಿ 1960ರಿಂದ 1996ರವರೆಗೆ ಅಂತರ್ಯುದ್ಧ ನಡೆಯಿತು. ಸುಮಾರು 2 ಲಕ್ಷ ಜನ ಸತ್ತರು ಅಥವಾ ಕಾಣೆಯಾದರು ಎಂದು ಸತ್ಯಶೋಧನಾ ಆಯೋಗ 1999ರಲ್ಲಿ ಅಂದಾಜು ಮಾಡಿತು. ಗುರುತು ಸಿಕ್ಕ ಬಲಿಗಳಲ್ಲಿ 83% ಮಾಯಾ ಜನ. ಅಂಥ ದೇಶದಲ್ಲಿ ಓದು, ಸ್ಪ್ಯಾನಿಷ್, ಒಂದು ಸರ್ಟಿಫಿಕೇಟು ಮಗುವಿಗೆ ಎಷ್ಟು ಮುಖ್ಯ ಎಂದು ಹೊರಗಿನವರು ಹೇಳಬೇಕಾಗಿಲ್ಲ. ಸಾನ್ ಪೆದ್ರೊದ ತಂದೆ ತಾಯಿಯರು ತಾವಾಗಿಯೇ ಮಕ್ಕಳನ್ನು ಶಾಲೆಗೆ ಕಳಿಸಿದರು, ಮುಂದೆ ಓದಿಸಿದರು. ನನ್ನ ತಕರಾರು ಶಾಲೆಯ ಒಂದು ಅಭ್ಯಾಸದ ಬಗ್ಗೆ ಮಾತ್ರ. ಮನೆಯಿಂದ ಬರುವಾಗ ಮಗು ಒಂದು ಬಗೆಯ ಗಮನವನ್ನು ಕಲಿತು ಬಂದಿರುತ್ತದೆ. ಶಾಲೆ ಅದನ್ನು ಗುರುತಿಸುವುದೇ ಇಲ್ಲ, ಗಮನವೇ ಇಲ್ಲ ಎಂದು ಬರೆದುಕೊಳ್ಳುತ್ತದೆ.

ಆ ಗಮನ ಊರು ಬಿಟ್ಟರೂ ಕೂಡಲೇ ಹೋಗಿಬಿಡುವುದಿಲ್ಲ. ಮೆಕ್ಸಿಕೊದಿಂದ ಅಮೆರಿಕಕ್ಕೆ ಬಂದ ಕುಟುಂಬಗಳ ಮಕ್ಕಳಲ್ಲೂ ಆಟಿಕೆಯ ಪರೀಕ್ಷೆ ಮಾಡಿ 2010ರಲ್ಲಿ ಪ್ರಕಟಿಸಿದರು. ತಾಯಂದಿರಿಗೆ ಶಾಲೆ ಕಡಿಮೆ ಇದ್ದ, ಹಳೆಯ ಊರಿನ ರೂಢಿ ಉಳಿದಿದ್ದ ಮನೆಗಳ ಮಕ್ಕಳು ಅಲ್ಲೂ ಪಕ್ಕದವರ ಪಾಠವನ್ನು ಬಿಡದೆ ನೋಡಿದರು, ಕಲಿತರು. ಅಂಥ ಮಗು ಕ್ಲಾಸಿನಲ್ಲಿ ಪಕ್ಕದವರ ಕೈ ನೋಡಿದರೆ ನಾವು ಅದಕ್ಕೆ ಕಾಪಿ ಹೊಡೆಯುವುದು ಎನ್ನುತ್ತೇವೆ. ನಿನ್ನ ಪುಸ್ತಕ ನೀನು ನೋಡ್ಕೋ ಎಂಬ ಮಾತನ್ನು ಈಗ ನಾನು ಪರೀಕ್ಷೆಯ ದಿನ ಮಾತ್ರ ಹೇಳುತ್ತೇನೆ.